ಕಾಲ್ತುಳಿತ ಅನ್ನಬೇಡಿ

ನಮ್ಮವರು ಯಾರಾದರೂ ಲಂಡನ್ನಿಗೋ ಸಿಂಗಪುರಕ್ಕೋ ಹೋಗಿ ಒಂದು ರಾಕ್ ಕಾನ್ಸರ್ಟ್ ನೋಡಿ ಬಂದರೆ ಹಾಡಿನ ಬಗ್ಗೆ ಹತ್ತು ಮಾತು, ಅಲ್ಲಿನ ಜನರ ಶಿಸ್ತಿನ ಬಗ್ಗೆ ನೂರು ಮಾತು. "ಅಷ್ಟು ಸಾವಿರ ಜನ ಮಾರಾಯ್ರೆ, ಒಬ್ಬರು ಒಬ್ಬರನ್ನು ದೂಡಲಿಲ್ಲ! ನಮ್ಮಲ್ಲಾಗಿದ್ದರೆ?" ಕಳಂಬೋಲಿಯ ನಮ್ಮ ಕಟ್ಟಡದ ಮೆಟ್ಟಿಲಲ್ಲೂ ಊರಿನ ವಾಟ್ಸಾಪ್ ಗುಂಪಿನಲ್ಲೂ ಈ ಮಾತು ಕೇಳಿ ನನಗೆ ಸಾಕಾಗಿದೆ. ಇದು ಸುಳ್ಳು. ಜೀವಕ್ಕೆ ಕುತ್ತು ತರುವ ಸುಳ್ಳು.

ಮೊದಲೇ ಹೇಳಿಬಿಡುತ್ತೇನೆ, ನಾನು ಕಾನ್ಸರ್ಟಿನ ವಿರೋಧಿಯಲ್ಲ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಆ ಗುಂಪಿನಲ್ಲಿ ನಾನೂ ಇದ್ದೆ. ಡ್ರಮ್ಮಿನ ಪೆಟ್ಟು ಕಿವಿಗೆ ಮಾತ್ರ ಕೇಳುವುದಲ್ಲ, ಎದೆಗೂಡಿಗೇ ಬೀಳುತ್ತದೆ. ಪಕ್ಕದವನ ಹೆಸರು ಗೊತ್ತಿಲ್ಲದಿದ್ದರೂ ಅವನ ಹೆಗಲಿಗೆ ಕೈಹಾಕಿ ಕುಣಿಯುತ್ತೇವೆ. ಆ ಸುಖಕ್ಕೆ ಗುಂಪೇ ಬೇಕು, ಮನೆಯ ಸೋಫಾದಲ್ಲಿ ಅದು ಸಿಗುವುದಿಲ್ಲ. ಹಾಗಾಗಿ "ಯೂಟ್ಯೂಬಿನಲ್ಲಿ ನೋಡಿದರೆ ಆಗದೇ?" ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಈಗ ಶಿಸ್ತಿನ ದೇಶಗಳ ಲೆಕ್ಕ ತೆಗೆಯೋಣ. 1979ರ ಡಿಸೆಂಬರ್ 3, ಅಮೆರಿಕದ ಸಿನ್ಸಿನಾಟಿ, 'ದ ಹೂ' ತಂಡದ ಕಾನ್ಸರ್ಟ್: ಬಾಗಿಲ ಬಳಿಯೇ 11 ಸಾವು. 2000ದ ಜೂನ್ 30, ಡೆನ್ಮಾರ್ಕಿನ ರೋಸ್ಕಿಲ್ಡೆ, ಪರ್ಲ್ ಜ್ಯಾಮ್ ನುಡಿಸುತ್ತಿದ್ದಾಗ: 9. 2010ರ ಜುಲೈ 24, ಜರ್ಮನಿಯ ಡ್ಯೂಸ್‌ಬರ್ಗಿನ ಲವ್ ಪರೇಡ್: 21. 2021ರ ನವೆಂಬರ್ 5, ಹ್ಯೂಸ್ಟನ್ನಿನ ಆಸ್ಟ್ರೋವರ್ಲ್ಡ್: 10, ಅದರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗ. ಡೇನರಿಗೂ ಜರ್ಮನರಿಗೂ ಶಿಸ್ತು ಇಲ್ಲವೆನ್ನೋಣವೇ? ಸಿನ್ಸಿನಾಟಿಯಲ್ಲಿ ಹೆಚ್ಚಿನ ಟಿಕೆಟ್ಟಿಗೆ ಸೀಟ್ ನಂಬರ್ ಇರಲಿಲ್ಲ, ಮೊದಲು ನುಗ್ಗಿದವನಿಗೆ ಮುಂದಿನ ಜಾಗ. ಸಾವಿರಾರು ಜನ ಕಾದಿದ್ದರು, ತೆರೆದದ್ದು ಕೆಲವೇ ಬಾಗಿಲು. ಡ್ಯೂಸ್‌ಬರ್ಗಿನಲ್ಲಿ ಒಳಹೋಗುವವರೂ ಹೊರಬರುವವರೂ ಒಂದೇ ಇಳಿಜಾರು ದಾರಿಯಲ್ಲಿ ಎದುರುಬದುರಾದರು. ಇದರಲ್ಲಿ ಪ್ರೇಕ್ಷಕರ ಸಂಸ್ಕಾರದ ಮಾತೆಲ್ಲಿ ಬಂತು?

ಇಲ್ಲಿ ನಮ್ಮ ಪತ್ರಿಕೆಗಳ ಒಂದು ಪದದ ಮೇಲೆ ನನಗೆ ಸಿಟ್ಟಿದೆ: ಕಾಲ್ತುಳಿತ. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಜನ ಸತ್ತಾಗ ಎಲ್ಲ ಕಡೆ ಇದೇ ಪದ. ಕಾಲ್ತುಳಿತ ಅಂದ ಕೂಡಲೇ ಕಣ್ಣಿಗೆ ಬರುವುದು ಯಾರದೋ ಕಾಲು. ಯಾರೋ ಓಡಿದರು, ಯಾರೋ ಬಿದ್ದರು, ಯಾರೋ ತುಳಿದರು. ಅಪರಾಧಿ ಸಿಕ್ಕಿಯೇಬಿಟ್ಟ: ಸತ್ತವನ ಪಕ್ಕದಲ್ಲಿದ್ದವನು!

ಇಂಥ ಕಡೆ ಹೆಚ್ಚಿನವರು ಸಾಯುವುದು ಉಸಿರುಗಟ್ಟಿ, ಎಷ್ಟೋ ಸಲ ನಿಂತಲ್ಲೇ. ಒಂದು ಚದರ ಮೀಟರಿನಲ್ಲಿ ನಾಲ್ಕು ಜನ ಇದ್ದರೆ ಹೇಗೋ ಸರಿದಾಡಬಹುದು. ಆರೇಳು ಆದರೆ ಕಾಲು ನಿಮ್ಮ ಮಾತು ಕೇಳುವುದಿಲ್ಲ. ಗುಂಪು ನೀರಿನಂತೆ ತುಯ್ಯುತ್ತದೆ, ಎದೆ ಹಿಗ್ಗಲು ಜಾಗ ಇರುವುದಿಲ್ಲ. ಹಿಂದಿದ್ದವನಿಗೆ ಮುಂದೇನಾಗುತ್ತಿದೆ ಎಂದು ತಿಳಿಯುವುದೂ ಇಲ್ಲ. ಬೆಳಿಗ್ಗೆ ಮಾನಸರೋವರ ಸ್ಟೇಷನ್ನಿನಲ್ಲಿ ಹಾರ್ಬರ್ ಲೈನಿನ ಲೋಕಲ್ ಹತ್ತಿ ಕುರ್ಲಾದಲ್ಲಿ ಇಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಾಠಿಯವರು ಇದಕ್ಕೆ 'ಚೆಂಗರಾಚೆಂಗರಿ' ಅನ್ನುತ್ತಾರೆ, ಅಂದರೆ ಅಪ್ಪಚ್ಚಿಯಾಗುವುದು. ಆ ಪದದಲ್ಲಿ ಕಾಲಿಲ್ಲ, ಒತ್ತಡವಿದೆ. 35 ಸಾವಿರ ಜನ ಹಿಡಿಯುವ ಕ್ರೀಡಾಂಗಣದ ಬಳಿ ಎರಡು ಮೂರು ಲಕ್ಷ ಜನ ಸೇರಿದರೆಂದು ಮುಖ್ಯಮಂತ್ರಿಗಳೇ ಹೇಳಿದರಲ್ಲ, ಅವರನ್ನು ಕರೆದದ್ದು ಯಾರು, ಬಿಟ್ಟದ್ದು ಯಾರು ಎಂದು ಕೇಳಲು ಆ ಪದ ದಾರಿ ಕೊಡುತ್ತದೆ.

ಶಿಸ್ತೇ ಕಾಪಾಡುವುದಾದರೆ ನಮ್ಮ ಪಕ್ಕದ ಖಾರ್ಘರಿನಲ್ಲಿ ಯಾರೂ ಸಾಯಬಾರದಿತ್ತು. 2023ರ ಏಪ್ರಿಲ್ 16ರಂದು ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭಕ್ಕೆ ಬಂದಿದ್ದ ಭಕ್ತರು ಬಯಲಿನಲ್ಲಿ, ಸುಡುಬಿಸಿಲಿನಲ್ಲಿ ಗಂಟೆಗಟ್ಟಲೆ ತೆಪ್ಪಗೆ ಕೂತಿದ್ದರು. ಅವರಲ್ಲಿ 14 ಜನ ತೀರಿಕೊಂಡರು. ವೇದಿಕೆಯ ಮೇಲೆ ನೆರಳಿತ್ತು, ಕೆಳಗೆ ಇರಲಿಲ್ಲ.

ಇನ್ನೊಂದು ಲೆಕ್ಕವೂ ಇದೆ. 2025ರ ಜನವರಿ 18, 19, 21ರಂದು ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ಹಾಡಿತು. ಸಂಚಾರ ಪೊಲೀಸರು ಭಾರಿ ವಾಹನಗಳನ್ನು ನಗರದೊಳಗೆ ಬರದಂತೆ ತಡೆದರು. ಸ್ಟೀಲ್ ಮಾರ್ಕೆಟ್ಟಿನ ಊರಾದ ಕಳಂಬೋಲಿಗೆ ಅದು ಸಣ್ಣ ಮಾತಲ್ಲ. ಆಮೇಲೆ ಅಹಮದಾಬಾದಿನಲ್ಲಿ ಒಂದೇ ಸಂಜೆ ಲಕ್ಷಕ್ಕೂ ಹೆಚ್ಚು ಜನ. ಎಲ್ಲರೂ ಹಾಡಿ ಕುಣಿದು ಮನೆಗೆ ಹೋದರು. ಅವರೇನು ಡೆನ್ಮಾರ್ಕಿನಿಂದ ಬಂದವರೇ? ಲೋಕಲ್ಲಿನಲ್ಲಿ ನೇತಾಡುವ ಇದೇ ಜನ. ಯಾರೋ ಮೊದಲೇ ಕೂತು ಲೆಕ್ಕ ಹಾಕಿದ್ದರು, ಅಷ್ಟೇ.

ಹೊರದೇಶದಿಂದ ನಾವು ಕಲಿಯಬೇಕಾದದ್ದು ಒಂದಿದೆ, ಸತ್ತ ಮೇಲೆ ಏನು ಮಾಡುತ್ತಾರೆ ಅನ್ನುವುದು. ಸಿನ್ಸಿನಾಟಿಯ ನಗರಸಭೆ ಆ ತಿಂಗಳು ಮುಗಿಯುವುದರೊಳಗೆ ನಂಬರಿಲ್ಲದ ಸೀಟಿನ ಪದ್ಧತಿಯನ್ನು ನಿಷೇಧಿಸಿತು. 2022ರ ಡಿಸೆಂಬರಿನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಅಕಾಡೆಮಿಯ ಬಾಗಿಲಲ್ಲಿ ಇಬ್ಬರು ಸತ್ತರು. ಆ ಸಭಾಂಗಣ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು, ಮತ್ತೆ ತೆರೆದದ್ದು 77 ಷರತ್ತುಗಳೊಂದಿಗೆ. ನಮ್ಮಲ್ಲಿ ಮರುದಿನವೇ ಪರಿಹಾರದ ಚೆಕ್ಕು, ಮೂರನೇ ದಿನಕ್ಕೆ "ಜನರಿಗೆ ಬುದ್ಧಿ ಇಲ್ಲ" ಅನ್ನುವ ತೀರ್ಪು.

ಹಾಗಾಗಿ ಮಕ್ಕಳು ಕಾನ್ಸರ್ಟಿಗೆ ಹೋಗುತ್ತೇವೆಂದರೆ ಅವರನ್ನು ಬೈಯಬೇಡಿ, ಆಯೋಜಕರನ್ನು ಕೇಳಿ. ನಿಲ್ಲುವ ಜಾಗ ಎಷ್ಟು ಚದರ ಮೀಟರ್? ಅದಕ್ಕೆ ಮಾರಿದ ಟಿಕೆಟ್ ಎಷ್ಟು? ಹೊರಬರುವ ಬಾಗಿಲು ಎಷ್ಟು, ಕುಡಿಯುವ ನೀರು ಎಲ್ಲಿ? ಇದನ್ನೆಲ್ಲ ಟಿಕೆಟ್ಟಿನ ಮೇಲೆಯೇ ಅಚ್ಚು ಹಾಕಲಿ. ಕೋಲ್ಡ್‌ಪ್ಲೇ ಟಿಕೆಟ್ಟಿಗೆ 2,500ರಿಂದ 35,000 ರೂಪಾಯಿವರೆಗೆ ಕೊಟ್ಟವರಿಗೆ ನಾಲ್ಕು ಸಾಲು ಓದುವ ಹಕ್ಕಿದೆ. ಪತ್ರಿಕೆಯವರಲ್ಲಿ ಒಂದೇ ವಿನಂತಿ: ಮುಂದೆ ಎಂದಾದರೂ ಇಂಥ ಸುದ್ದಿ ಬರೆಯಬೇಕಾಗಿ ಬಂದರೆ 'ಉಸಿರುಗಟ್ಟಿ ಸಾವು' ಎಂದು ಬರೆಯಿರಿ, ಅದರ ಕೆಳಗೆ ಬಾಗಿಲು ಮುಚ್ಚಿದವರ ಹೆಸರನ್ನೂ ಹಾಕಿ.