ಮನೀ ಕತ್ತಲಿ ಪೂರಾ ಅಳಿಸಬ್ಯಾಡ್ರಿ

ಹಳೇ ಮನೀ ಫೋಟೋ ತಗಿಯೋದು ಲಗ್ನದ ಫೋಟೋ ತಗಿಯೋದಕ್ಕಿಂತ ತ್ರಾಸಿನ ಕೆಲಸ. ಲಗ್ನದಾಗ ಲೈಟ್ ಹಿಡಿಲಿಕ್ಕೆ ಒಬ್ಬ ಹುಡುಗ ಇರ್ತಾನ. ನಮ್ಮ ಕಡೆ ಮಾಳಗಿ ಮನ್ಯಾಗ ಬೆಳಕು ಅಂದ್ರ ತಲಬಾಗಲದಿಂದ ಬಂದದ್ದು ಒಂದಿಷ್ಟು, ಮ್ಯಾಲಿನ ಬೆಳಕಿಂಡಿಯಿಂದ ಇಳಿದದ್ದು ಒಂದಿಷ್ಟು. ಪಡಸಾಲ್ಯಾಗ ನಿಂತು ಒಂದು ಫೋಟೋ ಹೊಡದ್ರ, ಒಂದೋ ಹೊರಗಿನ ಅಂಗಳ ಸುಣ್ಣ ಬಳದಂಗ ಬೆಳ್ಳಗಾಗಿ ಹೋಗ್ತದ, ಇಲ್ಲಾ ಒಳಗಿನ ಕಂಬ, ಜಂತಿ, ಮಾಡದಾಗಿನ ದೀಪ ಎಲ್ಲಾ ಕರೀ ಕಂಬಳಿ ಹೊತ್ಕೊಂಡು ಮಲಗ್ತಾವ.

ಇದಕ್ಕ ಮದ್ದು ಅಂದ್ರ ಎಚ್‌ಡಿಆರ್, ಅಂದ್ರ ಹೈ ಡೈನಾಮಿಕ್ ರೇಂಜ್. ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ: ಊರಾಗ ಹಳೇ ಮನಿ ಇದ್ದಾವ್ರು ಇದನ್ನ ಒಂದು ರವಿವಾರ ಕುಂತು ಕಲೀಬೇಕು. ಆದ್ರ ಕಲ್ತ ಮ್ಯಾಲೆ ಕೈ ಬಿಗಿ ಹಿಡೀಬೇಕು. ಉಪ್ಪು ಇದ್ದಂಗ ಅದು.

ವಿಷಯ ಭಾಳ ದೊಡ್ಡದೇನಿಲ್ಲ. ನಮ್ಮ ಕಣ್ಣು ಬಾಗಲ ನೋಡಿದಾಗ ಸಣ್ಣ ಆಗ್ತದ, ಮೂಲಿ ನೋಡಿದಾಗ ಅಗಲ ಆಗ್ತದ, ಎರಡನ್ನೂ ಕೂಡಿಸಿ ಮೆದುಳು ಒಂದ ಚಿತ್ರ ಮಾಡಿ ಕೊಡ್ತದ. ಕ್ಯಾಮೆರಾ ಒಂದು ಸಲಕ್ಕ ಒಂದ ಲೆಕ್ಕ ಹಿಡೀತದ. ಅದಕ್ಕ ಒಂದ ಜಾಗಾದಿಂದ ಬ್ಯಾರೆ ಬ್ಯಾರೆ ಲೆಕ್ಕದಾಗ ನಾಕೈದು ಫೋಟೋ ತಗದು ಆಮ್ಯಾಲೆ ಕೂಡಿಸೋದು. ಇದು ಕಂಪ್ಯೂಟರ್ ಬಂದ ಮ್ಯಾಲೆ ಹುಟ್ಟಿದ ವಿದ್ಯಾನೂ ಅಲ್ಲ. ಫ್ರಾನ್ಸ್‌ನ ಗುಸ್ತಾವ್ ಲ ಗ್ರೇ ಅನ್ನಾಂವ 1850ರ ದಶಕದಾಗ ಸಮುದ್ರಕ್ಕೊಂದು ನೆಗೆಟಿವ್, ಆಕಾಶಕ್ಕೊಂದು ನೆಗೆಟಿವ್ ಇಟ್ಟು ಎರಡನ್ನೂ ಒಂದ ಕಾಗದದ ಮ್ಯಾಲೆ ಮೂಡಿಸಿದ್ದ.

ಮಾಡೋ ರೀತಿ ಹಿಂಗ. ಕ್ಯಾಮೆರಾ ಟ್ರೈಪಾಡ್ ಮ್ಯಾಲೆ ಇಡ್ರಿ. ಟ್ರೈಪಾಡ್ ಇಲ್ಲಂದ್ರ ಸ್ಟೂಲಿನ ಮ್ಯಾಲೆ ಹಿಟ್ಟಿನ ಡಬ್ಬಿ ಇಟ್ಟರೂ ನಡೀತದ, ಅಳ್ಳಾಡಬಾರದು ಅಷ್ಟ. ಮ್ಯಾನುವಲ್ ಮೋಡ್, ಐಎಸ್‌ಒ 100, ಅಪರ್ಚರ್ ಎಫ್ 8, ಫೋಕಸ್ ಒಮ್ಮೆ ಹಿಡದು ಲಾಕ್. ಇವು ಮೂರೂ ಕಡೀತನಕ ಬದಲಾಗಬಾರದು. ಬದಲಾಗೋದು ಶಟರ್ ಒಂದ. ಎರಡು ಸೆಕೆಂಡಿಂದ ಸುರು ಮಾಡಿದ್ರ ಮುಂದಿಂದು 1/2, ಆಮ್ಯಾಲೆ 1/8, 1/30, 1/125. ಪ್ರತಿ ಸಲ ಬೆಳಕು ಕಾಲು ಭಾಗಕ್ಕ ಇಳೀತದ, ಅದನ್ನ ಎರಡು ಸ್ಟಾಪ್ ಅಂತಾರ. ಬಯಲು ಹೊಲದ ಚಿತ್ರಕ್ಕ ಮೂರು ಫೋಟೋ ಸಾಕು. ಕತ್ತಲಿ ಮನಿ, ಹೊರಗ ಬಿಸಲು ಅಂದ್ರ ಐದು ಬೇಕ ಬೇಕು. ಗುಂಡಿ ಒತ್ತಿದಾಗ ಅಳ್ಳಾಡಬಾರದು ಅಂತ ಎರಡು ಸೆಕೆಂಡಿನ ಟೈಮರ್ ಹಾಕ್ರಿ. ರಾ ಫೈಲಿನಾಗ ತಗೀರಿ. ಜೆಪಿಜಿಯೊಳಗ ಒಂದೊಂದು ಬಣ್ಣಕ್ಕ 256 ಮೆಟ್ಟಲ, 14 ಬಿಟ್ ರಾ ಒಳಗ 16,384.

ಇನ್ನೆರಡು ಮನೀ ಮಾತು. ಟ್ಯೂಬ್‌ಲೈಟ್ ಆರಿಸ್ರಿ. ಬಿಸಲಿನ ಬಣ್ಣ ಬ್ಯಾರೆ, ಟ್ಯೂಬಿನ ಬಣ್ಣ ಬ್ಯಾರೆ. ಎರಡೂ ಕೂಡಿದ್ರ ಗ್ವಾಡಿ ಅರ್ಧ ಹಸರು ಕಾಣ್ತದ, ಆಮ್ಯಾಲೆ ತಿದ್ದೂದು ಕಷ್ಟ. ಫ್ಯಾನೂ ಬಂದ್ ಮಾಡ್ರಿ. ಹಗ್ಗದ ಮ್ಯಾಲಿನ ಸೀರಿ ಹಾರಿದ್ರ ಐದು ಫೋಟೋದಾಗ ಐದು ಜಾಗಾದಾಗ ಇರ್ತದ, ಕೂಡಿಸಿದಾಗ ದೆವ್ವದ ನೆಳ್ಳಿನಂಗ ಬರ್ತದ.

ಕೂಡಿಸೋ ಸಾಫ್ಟ್‌ವೇರಿಗೆ ಮೊದಲ ರೊಕ್ಕಾ ಸುರೀಬ್ಯಾಡ್ರಿ. ಲೈಟ್‌ರೂಮ್ ಇದ್ದಾವ್ರಿಗೆ ಅದರಾಗ 2015ರಿಂದ ಎಚ್‌ಡಿಆರ್ ಮರ್ಜ್ ಅದ. ಫೋಟೋಮ್ಯಾಟಿಕ್ಸ್ ಭಾಳ ವರ್ಷದಿಂದ ಹೆಸರುವಾಸಿ, ರೊಕ್ಕಾ ಕೊಡಬೇಕು. ಪುಕ್ಕಟ ಬೇಕಂದ್ರ ಲ್ಯೂಮಿನನ್ಸ್ ಎಚ್‌ಡಿಆರ್, ಡಾರ್ಕ್‌ಟೇಬಲ್ ಅವ. ನಾ ಹೇಳೋದು ಹುಗಿನ್ ಜೋಡಿ ಬರೋ ಎನ್‌ಫ್ಯೂಸ್, ಅದೂ ಪುಕ್ಕಟ. ಅದು ಪ್ರತಿ ಫೋಟೋದಾಗ ಛಲೋ ಬಂದ ಭಾಗಕ್ಕ ಹೆಚ್ಚು ತೂಕ ಕೊಟ್ಟು ಬೆರಸ್ತದ, ಹಿಂಗಾಗಿ ನೋಡ್ಲಿಕ್ಕೆ ಸಹಜ ಇರ್ತದ.

ಯಾಕ ಸಹಜಕ್ಕ ಇಷ್ಟು ಒತ್ತು ಕೊಡ್ತೀನಿ ಅಂದ್ರ, ಟೋನ್ ಮ್ಯಾಪಿಂಗ್ ಅನ್ನೋ ಹಂತದಾಗ ಮಂದಿ ಕೈ ತಪ್ತದ. ಸ್ಲೈಡರ್ ಬಲಕ್ಕ ಎಳದಂಗೆಲ್ಲಾ ಕಂಬದ ಗೀರು ಎದ್ದು ಬರ್ತಾವ, ಬಾಗಲದ ಸುತ್ತ ಬೆಳ್ಳನ ಪ್ರಭಾವಳಿ ಮೂಡ್ತದ, ಸಗಣಿ ಸಾರಿಸಿದ ನೆಲ ಚಾಕೊಲೇಟ್ ಆಗ್ತದ. ನಮ್ಮ ಬಳಗದ ಒಬ್ಬ ಹುಡುಗ ಊರಮನೀನ ಹಿಂಗ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ. ನಮ್ಮತ್ತಿ ಚಾಳೀಸು ಏರಿಸಿ ನೋಡಿ ಕೇಳಿದ್ರು, ‘ಯಾವ ಊರಿನ ಲಾಡ್ಜೋ ಇದು?’

ಅವರು ನಲವತ್ತು ವರ್ಷ ಬಾಳೇ ಮಾಡಿದ ಮನಿ ಅದು. ಬಣ್ಣ ಛಂದ ಇತ್ತು, ಗುರುತು ಹತ್ತಲಿಲ್ಲ.

‘ಹೆಂಗಿದ್ರೂ ಕಂಪ್ಯೂಟರಿನಾಗ ಕೂಡ್ಸಿದ್ದು, ಎಲ್ಲಾ ಸುಳ್ಳ’ ಅಂತ ವಾದ ಮಾಡಾವ್ರೂ ಇದ್ದಾರ. ನನಗ ಅದು ಒಪ್ಪಿಗಿ ಇಲ್ಲ. ಕರ್ರಗ ಬಂದ ಫೋಟೋನೂ ಖರೇ ಅಲ್ಲ, ಯಾಕಂದ್ರ ಆ ಪಡಸಾಲ್ಯಾಗ ನಾವು ಕಣ್ಣಿಲೆ ಎಲ್ಲಾ ನೋಡ್ಕೋತ ಅಕ್ಕಿ ಆರಿಸೀವಿ, ಅಭ್ಯಾಸ ಮಾಡೀವಿ. ಅಳತಿಗೋಲು ಒಂದ ಇರಲಿ: ಆ ಮನ್ಯಾಗ ಬಾಳಿದಾವ್ರು ನೋಡಿ ‘ಹೌದು’ ಅನಬೇಕು. ಮಾಡದ ಹಿಂದ ಕತ್ತಲಿ ಇತ್ತಂದ್ರ ಕತ್ತಲಿ ಇರಲಿ. ಸಂದೂಕ ಕಂಡ್ರ ಸಾಕು, ಅದರ ಹಿಂದಿನ ಜೇಡರ ಬಲಿ ಎಣಸೋದು ಬ್ಯಾಡ.

ಇದು ಬರೇ ಹವ್ಯಾಸದ ಮಾತಲ್ಲ. ನಮ್ಮ ಊರಮನಿ ಹಿಸ್ಸೆ ಆಗ್ಯದ. ಬರೋ ಬ್ಯಾಸಿಗ್ಯಾಗ ಕಾಕಾನವರ ಭಾಗ ಕೆಡವಿ ಆರ್‌ಸಿಸಿ ಏರಸ್ತಾರ. ಅವರದೇನೂ ತಪ್ಪಿಲ್ಲ, ಮಳಿಗಾಲದಾಗ ಮಾಳಗಿ ಸೋರಿದ್ರ ಬಾಂಡೆ ಇಡಾವ್ರು ಅವರ. ಆದ್ರ ಆ ಮಾಳಗಿ ಜೋಡಿ ಬೆಳಕಿಂಡಿ ಹೋಗ್ತದ. ಅದರ ಬಿಸಲು ಒಲೀ ಕಟ್ಟಿಗೆ ಬಂದ್ರ ನಮ್ಮವ್ವ ‘ಸಾಲಿಗೆ ಹೊತ್ತಾತು ಏಳ್ರಿ’ ಅಂತಿದ್ಲು. ನಮಗ ಗಡಿಯಾರ ಅಂದ್ರ ಅದ ಇತ್ತು. ಕಂಬಾ, ಬಾಗಲಾ ಮಾರಿದ್ರ ಕೊಳ್ಳಾವ್ರು ಸಿಗ್ತಾರ. ಆ ಬಿಸಲು ಬಿದ್ದ ರೀತಿ ಫೋಟೋದಾಗಷ್ಟ ಉಳಿಯೋದು.

ಈ ಸಲ ದೀಪಾವಳಿಗೆ ಊರಿಗೆ ಹೋದ್ರ ಮುಂಜಾನೆ ಒಂದು ತಾಸು ಇದಕ್ಕ ಇಡ್ರಿ. ಅಡಗಿಮನಿ, ಪಡಸಾಲಿ, ದೇವರ ಖೋಲಿ, ಒಂದೊಂದಕ್ಕ ಐದೈದು ಫೋಟೋ. ಕೂಡ್ಸೋದು ವರ್ಷ ಬಿಟ್ಟೂ ಆಗ್ತದ, ತಗಿಯೋದು ಆಗಂಗಿಲ್ಲ. ಕೂಡ್ಸಿದ ಮ್ಯಾಲೆ ಮನ್ಯಾಗಿನ ಹಿರೇರಿಗೆ ಮೊದಲ ತೋರಸ್ರಿ. ಅವರು ಲಾಡ್ಜ್ ಅಂದ್ರ ಸ್ಲೈಡರ್ ಎಡಕ್ಕ ಸರಸ್ರಿ.