ಬೇಟೆನಾಯಿಯ ಬಾಯಿ ಕಟ್ಟಬೇಡಿ, ಸರಪಳಿ ಬಿಚ್ಚಿ

ಕೊಲ್ಹಾಪುರದ ಪಕ್ಕದ ಗೋಕುಳ ಶಿರಗಾಂವದವರಿಗೆ ಸದ್ದು ಹೊಸದಲ್ಲ. ಎಂಐಡಿಸಿ ಕೈಗಾರಿಕಾ ವಸಾಹತಿನ ಫೌಂಡ್ರಿಗಳು ರಾತ್ರಿ ಪಾಳಿಯಲ್ಲೂ ನಡೆಯುತ್ತವೆ, ಪುಣೆ-ಬೆಂಗಳೂರು ಹೆದ್ದಾರಿಯ ಲಾರಿಗಳಿಗೆ ಹೊತ್ತುಗೊತ್ತಿಲ್ಲ, ಗೋಕುಳ ಡೇರಿಯ ಹಾಲಿನ ಟ್ಯಾಂಕರುಗಳು ಬೇರೆ. ಇಷ್ಟರ ನಡುವೆಯೂ ನಮಗೆ ನಿದ್ದೆ ಬರುತ್ತದೆ. ಅದನ್ನು ಕೆಡಿಸುವವು ಓಣಿಯ ಗೇಟುಗಳಿಗೆ ಬಿಗಿದ ಬೇಟೆನಾಯಿಗಳು. ಒಂದು ಶುರು ಮಾಡಿದರೆ ಸಾಕು, ಓಣಿಯ ಉಳಿದವೂ ದನಿಗೂಡಿಸುತ್ತವೆ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಕಾರ್ಮಿಕನ ಪಾಡಂತೂ ಕೇಳಬೇಡಿ. ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸ ಮಾಡಿ ನಿವೃತ್ತನಾದ ನನಗೆ ಆ ಪಾಡು ಚೆನ್ನಾಗಿ ಗೊತ್ತು.

ಓಣಿಯವರು ಸೇರಿದಾಗಲೆಲ್ಲ ಒಬ್ಬೊಬ್ಬರದು ಒಂದೊಂದು ಸಲಹೆ. ಬಾಯಿಗೆ ಕುಕ್ಕೆ ಹಾಕಿ ಎನ್ನುತ್ತಾನೆ ಒಬ್ಬ. ಶಾಕ್ ಕೊಡುವ ಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ ಎನ್ನುತ್ತಾನೆ ಇನ್ನೊಬ್ಬ. ಗಂಟಲಿಗೇ ಆಪರೇಷನ್ ಮಾಡಿಸಿಬಿಡಿ ಎಂದವರೂ ಇದ್ದಾರೆ. ನನ್ನ ವಾದ ಇಷ್ಟೇ: ದೋಷ ಗಂಟಲಿನಲ್ಲಿಲ್ಲ, ಸರಪಳಿಯಲ್ಲಿದೆ.

ಇವು ಎಂಥ ನಾಯಿಗಳು ಎಂಬುದನ್ನು ಮೊದಲು ತಿಳಿಯಬೇಕು. ನಾವು ಮುಧೋಳ ನಾಯಿ ಎನ್ನುವುದನ್ನು ಇಲ್ಲಿಯ ಮರಾಠಿ ಜನ ಕಾರವಾನ ಎನ್ನುತ್ತಾರೆ. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಜೋಡಿಯೊಂದನ್ನು ಕಾಣಿಕೆ ಕೊಟ್ಟರೆಂದು ಪ್ರತೀತಿ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಮುಧೋಳ ತಾಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಿಂದ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೆಸರು ಹೇಳಿದ ಮೇಲಂತೂ ಮರಿ ತರುವುದು ಪ್ರತಿಷ್ಠೆಯ ಮಾತಾಯಿತು. ಬಂಗಲೆ ಕಟ್ಟಿಸಿದವನಿಗೂ ಬೇಕು, ಕಾರ್ಖಾನೆಯ ಮಾಲಕನಿಗೂ ಬೇಕು. ಓಡಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ನಾನು ಮುಧೋಳ ತಾಲೂಕಿನವನು. ಘಟಪ್ರಭೆಯ ದಂಡೆಯ ನಮ್ಮ ಹೊಲದಲ್ಲಿ ಅಜ್ಜ ಇವನ್ನು ಸಾಕಿದ್ದರು. ಅವು ಬೊಗಳಿದ್ದು ನನಗೆ ಹೆಚ್ಚು ನೆನಪಿಲ್ಲ. “ಬೊಗಳೂ ನಾಯಿಗೆ ಮೊಲ ಸಿಗಾಂಗಿಲ್ಲೋ ತಮ್ಮಾ” ಎನ್ನುತ್ತಿದ್ದರು ಅಜ್ಜ. ಮಾತಿನಲ್ಲಿ ಶಾಸ್ತ್ರವೂ ಇದೆ. ವಾಸನೆ ಹಿಡಿದು ಹೋಗುವ ಬೇಟೆನಾಯಿಗಳು ದಾರಿಯುದ್ದಕ್ಕೂ ಕೂಗುತ್ತವೆ, ಹಿಂದೆ ಬರುವ ಬೇಟೆಗಾರನಿಗೆ ಆ ಕೂಗೇ ಗುರುತು. ಮುಧೋಳ ನಾಯಿ ಹಾಗಲ್ಲ. ಇದು ಕಣ್ಣಿನಿಂದ ಬೇಟೆಯಾಡುವ ಜಾತಿ. ದೂರದ ಬಯಲಿನಲ್ಲಿ ಅಲುಗಿದ್ದನ್ನು ಕಂಡರೆ ಸದ್ದಿಲ್ಲದೆ ಚಿಮ್ಮುವುದು ಇದರ ಹುಟ್ಟುಗುಣ.

ಅಂಥ ನಾಯಿಯನ್ನು ಹೆದ್ದಾರಿಯ ಪಕ್ಕದ ಗೇಟಿಗೆ ಮೂರು ಮೊಳದ ಸರಪಳಿಯಲ್ಲಿ ಬಿಗಿದರೆ ಏನಾದೀತು? ಕಣ್ಣೆದುರು ಬೈಕು, ಆಡು, ಬೆಳ್ಳಕ್ಕಿ, ಶಾಲೆಗೆ ಓಡುವ ಹುಡುಗರು. ರಾತ್ರಿಯಾದರೆ ಲಾರಿಯ ದೀಪಗಳು. ಅಲುಗುವುದೆಲ್ಲ ‘ಬಾ’ ಎನ್ನುತ್ತದೆ, ಸರಪಳಿ ‘ಬೇಡ’ ಎನ್ನುತ್ತದೆ. ಕಾಲಿನಲ್ಲಿ ಖರ್ಚಾಗಬೇಕಾದದ್ದು ಬಾಯಿಯಿಂದ ಹೊರಬರುತ್ತದೆ.

ಪಕ್ಕದ ಮನೆಯ ಹುಡುಗ ಚಿಕ್ಕೋಡಿ ಕಡೆಯವನು. ಅವನ ನಾಯಿಯ ಮಾತು ತೆಗೆದಾಗ, “ಕಾಕಾ, ಹೊಟ್ಟಿ ತುಂಬ ಹಾಕ್ತೀನಿ, ಮತ್ತೇನ ಬೇಕ್ರಿ ಅದಕ್ಕ?” ಎಂದ. “ಹೊಟ್ಟಿ ತುಂಬೇತಪಾ, ಕಾಲಿಗೇನ ಕೊಟ್ಟಿ?” ಎಂದೆ. ಹುಡುಗ ಜಾಣ, ಸಿಟ್ಟಾಗಲಿಲ್ಲ. ಬೆಳಗ್ಗೆ ಡ್ಯೂಟಿಗೆ ಹೋಗುವ ಮುನ್ನ ನಾಯಿಯನ್ನು ಕಾಂಪೌಂಡ್ ಗೋಡೆಯಿರುವ ಖಾಲಿ ಪ್ಲಾಟಿಗೆ ಒಯ್ದು ಬಿಡತೊಡಗಿದ. ಗೋಡೆ ಬೇಕೇ ಬೇಕು. ಅಟ್ಟಿಸಿಕೊಂಡು ಹೊರಟ ಈ ನಾಯಿಗೆ ಒಡೆಯನ ಕೂಗು ಕೇಳಿಸದು, ಹೆದ್ದಾರಿಯಂತೂ ಹತ್ತಿರವೇ ಇದೆ. ಹಗ್ಗದ ತುದಿಗೆ ಹಳೇ ಬಟ್ಟೆ ಕಟ್ಟಿ ಎಳೆದರೆ ಅದರ ಹಿಂದೆ ಜೀವ ಬಿಟ್ಟು ಓಡುತ್ತದೆ. ಓಡಿ ದಣಿದು ತುಸು ಆರಿದ ಮೇಲೆ ಊಟ. ಗೇಟಿನ ಸರಳುಗಳಿಗೆ ಗೋಣಿತಟ್ಟು ಕಟ್ಟಿ ರಸ್ತೆ ಕಾಣದಂತೆ ಮಾಡಿದ. ಕಟ್ಟುವ ಜಾಗವನ್ನು ಹಿತ್ತಲಿನ ನೆರಳಿಗೆ ಬದಲಿಸಿದ.

ಎಲ್ಲಕ್ಕಿಂತ ಕಷ್ಟವಾದದ್ದು ಮನೆಯವರ ಬಾಯಿ ಮುಚ್ಚಿಸುವುದು! ನಾಯಿ ಬೊಗಳಿದಾಗ ನಾವು ಗದರಿಸಿದರೆ ಒಡೆಯನೂ ತನ್ನ ಜೊತೆ ಕೂಗುತ್ತಿದ್ದಾನೆ ಎಂದೇ ಅದು ಹುರುಪುಗೊಳ್ಳುತ್ತದೆ. ಸುಮ್ಮನಾಗಲೆಂದು ರೊಟ್ಟಿ ಎಸೆದರೆ ಬೊಗಳಿದ್ದಕ್ಕೆ ಕೂಲಿ ಕೊಟ್ಟಂತೆ. ಕೂಲಿ ಕೊಡಬೇಕಾದದ್ದು ಸುಮ್ಮನಿದ್ದ ಗಳಿಗೆಗೆ: ಮೊದಲು ನಾಲ್ಕು ಕ್ಷಣದ ಮೌನಕ್ಕೆ ಒಂದು ತುತ್ತು, ಆಮೇಲೆ ಒಂದು ನಿಮಿಷಕ್ಕೆ, ಹೀಗೆ ಬೆಳೆಸುತ್ತ ಹೋಗಬೇಕು. ನಡುವೆ ಒಂದಿಷ್ಟು ದಿನ ಬೊಗಳಾಟ ಹೆಚ್ಚುವುದೂ ಉಂಟು. ಆಗ ಸೋತು ರೊಟ್ಟಿ ಎಸೆದವನು ಇನ್ನಷ್ಟು ಬೊಗಳಲು ಕಲಿಸಿದ ಹಾಗೆ. ಇದ್ದಕ್ಕಿದ್ದಂತೆ ಶುರುವಾದ ಬೊಗಳಾಟವಾದರೆ ಉಣ್ಣಿಯೋ ಕಿವಿಯ ನೋವೋ ಇರಬಹುದು, ಪಶುವೈದ್ಯರಿಗೆ ತೋರಿಸಬೇಕು. ಈಗ ಆ ಮನೆಯ ನಾಯಿ ಅಪರಿಚಿತರು ಬಂದರೆ ಬೊಗಳುತ್ತದೆ, ಅವರು ಹೋದ ಮೇಲೆ ಮಲಗುತ್ತದೆ.

ಶಾಕ್ ಪಟ್ಟಿಯನ್ನು ನಾನು ಒಪ್ಪದಿರುವುದಕ್ಕೆ ಕರುಣೆಯೊಂದೇ ಕಾರಣವಲ್ಲ. ನೋವು ತನ್ನ ಬೊಗಳಿಕೆಯಿಂದ ಬಂತೆಂದು ನಾಯಿಗೆ ತಿಳಿಯುವ ಖಾತ್ರಿಯಿಲ್ಲ. ಆ ಕ್ಷಣ ಎದುರಿಗೆ ಹಾದುಹೋದ ಮಗುವಿನಿಂದ ಬಂತೆಂದು ತಿಳಿದರೆ, ಮುಂದೆ ಆ ಮಗುವಿಗೇ ಅಪಾಯ. ಗಂಟಲು ಕೊಯ್ಸಿದರೆ ದನಿ ಗೊಗ್ಗರಾಗುತ್ತದೆಯೇ ಹೊರತು ಬೊಗಳುವ ಕಾರಣ ಅಲ್ಲೇ ಉಳಿಯುತ್ತದೆ.

ಕಾನೂನು ಏನು ಹೇಳುತ್ತದೆ? ಶಬ್ದಮಾಲಿನ್ಯದ 2000ದ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಓಣಿಯವರು ಇದನ್ನೇ ಹಿಡಿದು ಪೊಲೀಸರ ಬಳಿ ಹೋಗೋಣ ಎನ್ನುತ್ತಾರೆ. ನಾನು ತೋರಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮನ್ನು. ಅತಿ ಗಿಡ್ಡ ಇಲ್ಲವೇ ಅತಿ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಬಹುಹೊತ್ತು ಕಟ್ಟುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡದಿರುವುದೂ ಅಪರಾಧ. ಅಂದರೆ ನಾಯಿಯನ್ನು ಓಡಾಡಿಸುವುದು ಶೋಕಿಯಲ್ಲ, ಒಡೆಯನ ಕಾನೂನುಬದ್ಧ ಕರ್ತವ್ಯ. ಮೊದಲ ಸಲದ ದಂಡ ಮಾತ್ರ ಹತ್ತರಿಂದ ಐವತ್ತು ರೂಪಾಯಿ. ಕೊಲ್ಹಾಪುರದಲ್ಲಿ ಒಂದು ಪ್ಲೇಟ್ ಮಿಸಳ ತಿಂದರೂ ಇದಕ್ಕಿಂತ ಹೆಚ್ಚಾಗುತ್ತದೆ. ಈ ಮೊತ್ತ ಏರಲೇಬೇಕು.

ಓಡಿಸಿ ಎಂದರೆ ಬೇಟೆಗೆ ಬಿಡಿ ಎಂದಲ್ಲ. ಕೊಲ್ಹಾಪುರದ ಅರಸರು ಚೀತಾ ಬಿಟ್ಟು ಕೃಷ್ಣಮೃಗ ಹಿಡಿಸುತ್ತಿದ್ದ ಕಾಲ ಹೋಯಿತು. ವನ್ಯಜೀವಿ ಕಾಯ್ದೆಯಂತೆ ಇಂದು ಮೊಲದ ಮೇಲೆ ನಾಯಿ ಬಿಟ್ಟರೂ ತಪ್ಪೇ.

ಕಾವಲಿಗೆಂದು ತಂದ ಮಾಲಕರಿಗೂ ಒಂದು ಮಾತು. ಎಲ್ಲದಕ್ಕೂ ಬೊಗಳುವ ನಾಯಿಯ ಕೂಗಿಗೆ ವಾಚ್‌ಮನ್ ಕೂಡ ಏಳುವುದಿಲ್ಲ. ಕಳ್ಳ ಬಂದ ರಾತ್ರಿಯೂ ಅವನು ಮಗ್ಗುಲು ಬದಲಿಸಿ ಮಲಗುತ್ತಾನೆ.

ಗ್ರಾಮ ಪಂಚಾಯಿತಿ ಮತ್ತು ಎಂಐಡಿಸಿ ಸೇರಿ ಖಾಲಿ ಜಾಗವೊಂದಕ್ಕೆ ಬೇಲಿ ಹಾಕಿ, ಬೆಳಗ್ಗೆ ಸಂಜೆ ನಾಯಿ ಓಡಿಸಲು ಬಿಟ್ಟುಕೊಡಲಿ. ದೊಡ್ಡ ಖರ್ಚಿನ ಕೆಲಸವಲ್ಲ. ಇನ್ನು ಮುಧೋಳಕ್ಕೆ ಮರಿ ತರಲು ಹೊರಟವರು ಮನೆಯ ಗೇಟು ನೋಡಿ ಹೊರಡಬೇಡಿ, ಓಡಿಸಲು ಬಯಲಿದೆಯೇ, ದಿನವೂ ಹೊತ್ತಿದೆಯೇ ಎಂದು ನೋಡಿ ಹೊರಡಿ. ಎರಡೂ ಇಲ್ಲದವರು ಈ ನಾಯಿಯನ್ನು ಸಾಕಬಾರದು.