ಆ ಪಾದಗಳನ್ನೊಮ್ಮೆ ನೋಡಿ

ಊರಿಗೆ ಬರುವಾಗ ಅಮ್ಮನಿಗೆಂದು ನೀವು ತರುವ ಆ ದೊಡ್ಡ ಬಾಟಲಿಗಳನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಜೇನುಬಣ್ಣದ ವಿಟಮಿನ್ ಇ, ಕಿತ್ತಳೆ ಬಣ್ಣದ ವಿಟಮಿನ್ ಸಿ, ಅವಳಿಗೆ ಓದಲು ಬಾರದ ಹೆಸರಿನ ಇನ್ನೂ ಒಂದೆರಡು. ಅಮೆರಿಕದ ಅಂಗಡಿಯಿಂದಲೋ ಬೆಂಗಳೂರಿನ ಮೆಡಿಕಲ್ ಸ್ಟೋರಿನಿಂದಲೋ ತಂದು, ‘ಶುಗರ್ ಇದ್ದವರ ರಕ್ತನಾಳಕ್ಕೆ ಒಳ್ಳೆಯದಂತೆ, ದಿನಾ ಒಂದು ತಗೋ’ ಎಂದು ಅವಳ ಕೈಗಿಟ್ಟು, ಋಣದ ಒಂದು ಕಂತು ತೀರಿದ ಹಾಗೆ ಉಸಿರು ಬಿಡುತ್ತೀರಿ. ಅದರ ಹಿಂದಿರುವ ಪ್ರೀತಿಯನ್ನು ನಾನು ಅನುಮಾನಿಸಲಾರೆ. ಆದರೆ ಅವಳ ಪಾದಗಳನ್ನು ನೀವು ನೋಡಿ ಎಷ್ಟು ಕಾಲವಾಯಿತು? ನಮಸ್ಕರಿಸುವಾಗ ಮುಟ್ಟಿದ್ದೀರಿ, ನಿಜ. ಎತ್ತಿ ಹಿಡಿದು ಅಂಗಾಲನ್ನು ನೋಡಿದ್ದೀರಾ?

ನಮ್ಮ ರಕ್ತನಾಳಗಳ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪೊರೆಯಿದೆ. ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನು ಕ್ಷಣಕ್ಷಣಕ್ಕೂ ಹೊರಬಿಡುತ್ತ, ರಕ್ತ ಹೆಪ್ಪುಗಟ್ಟದಂತೆ ಕಾಯುತ್ತ, ಸದ್ದಿಲ್ಲದೆ ಜೀವಮಾನವಿಡೀ ದುಡಿಯುವ ಪೊರೆ ಅದು. ವರ್ಷಗಟ್ಟಲೆ ಏರಿದ ಸಕ್ಕರೆ ಅದನ್ನು ಒಳಗೊಳಗೇ ಸುಡುತ್ತದೆ. ಆ ಉರಿಯನ್ನು ಇ, ಸಿ ವಿಟಮಿನ್‌ಗಳು ತಣಿಸಬಹುದೆಂದು ಆಸೆಪಟ್ಟವರು ನೀವಷ್ಟೇ ಅಲ್ಲ, ದೊಡ್ಡ ದೊಡ್ಡ ವೈದ್ಯರೂ ಆಸೆಪಟ್ಟರು. ಆಸೆಪಟ್ಟು ಪರೀಕ್ಷಿಸಿಯೂ ನೋಡಿದರು. ಹೃದ್ರೋಗದ ಅಪಾಯವಿದ್ದ 9,541 ಜನರಿದ್ದ ‘ಹೋಪ್’ ಎಂಬ ಅಧ್ಯಯನದಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕಿ ಸಕ್ಕರೆ ಕಾಯಿಲೆಯವರೇ ಇದ್ದರು. ಅರ್ಧದಷ್ಟು ಜನರಿಗೆ ನಾಲ್ಕೂವರೆ ವರ್ಷ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಟ್ಟರು. 2000ದಲ್ಲಿ ಫಲಿತಾಂಶ ಬಂತು: ಹೃದಯಾಘಾತ ತಗ್ಗಲಿಲ್ಲ, ಪಾರ್ಶ್ವವಾಯು ತಗ್ಗಲಿಲ್ಲ, ಸಾವೂ ತಗ್ಗಲಿಲ್ಲ. ಇನ್ನೂ ಕೆಲವು ವರ್ಷ ಮುಂದುವರಿಸಿ ನೋಡಿದಾಗ ವಿಟಮಿನ್ ನುಂಗಿದವರಲ್ಲೇ ಹೃದಯ ಸೋಲುವುದು ಹೆಚ್ಚಿತ್ತು.

ಕೆನಡಾದ ಒಂದು ಅಧ್ಯಯನದ ಕತೆಯನ್ನು ನೆನೆದರೆ ನನಗೆ ಹೆಚ್ಚು ಸಂಕಟವಾಗುತ್ತದೆ. ಸಕ್ಕರೆಯಿಂದ ಮೂತ್ರಪಿಂಡ ಕೆಟ್ಟಿದ್ದ 238 ಜನರಲ್ಲಿ ಅರ್ಧದಷ್ಟು ಮಂದಿಗೆ ಫೋಲಿಕ್ ಆಮ್ಲ, ಬಿ6, ಬಿ12ಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರು. ರಕ್ತನಾಳಕ್ಕೆ ಕೇಡೆಂದು ವೈದ್ಯರು ಭಾವಿಸಿದ್ದ, ರಕ್ತದಲ್ಲಿನ ಹೋಮೋಸಿಸ್ಟೀನ್ ಎಂಬ ಅಂಶ ಇಳಿಯಿತು. ಆದರೆ 2010ರಲ್ಲಿ ಪ್ರಕಟವಾದ ವರದಿಯಲ್ಲಿ, ವಿಟಮಿನ್ ಪಡೆದವರ ಮೂತ್ರಪಿಂಡವೇ ಬೇಗ ಬೇಗ ಸೋತಿತ್ತು. ಹೃದಯಾಘಾತ, ಪಾರ್ಶ್ವವಾಯುವಿನಂಥ ಪೆಟ್ಟುಗಳೂ ಅವರಿಗೇ ಹೆಚ್ಚು ಬಿದ್ದಿದ್ದವು. ಒಳ್ಳೆಯದಾಗಲಿ ಎಂದೇ ಕೊಟ್ಟದ್ದು. ನೀವು ಕೊಡುತ್ತಿರುವ ಹಾಗೆಯೇ.

ವಿಟಮಿನ್ ಬೇಡವೇ ಬೇಡ ಎನ್ನುತ್ತಿಲ್ಲ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗಿದವರಲ್ಲಿ ಬಿ12 ಕಡಿಮೆಯಾಗಬಹುದು. ಮೀನು ಮಾಂಸ ಮುಟ್ಟದ ನಮ್ಮ ಎಷ್ಟೋ ಅಜ್ಜಿಯರಲ್ಲಿ ಅದು ಮೊದಲೇ ಕಡಿಮೆಯಿರುತ್ತದೆ, ಕಾಲು ಜುಮ್ಮೆನ್ನುವುದಕ್ಕೆ ಅದೂ ಕಾರಣವಿರಬಹುದು. ರಕ್ತ ಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ವೈದ್ಯರು ಕೊಟ್ಟಷ್ಟು ಕೊಡಿ. ಅಲ್ಲಿ ಅದು ಔಷಧವೇ. ಆದರೆ ಸಕ್ಕರೆಯ ಕಾಯಿಲೆಯಲ್ಲಿ ನಾಳವನ್ನು ಉಳಿಸುವುದು ಯಾವುದೆಂದು ನಿಮಗೆ ಗೊತ್ತಿದೆ. ಬಿ.ಪಿ. ಹತೋಟಿಯಲ್ಲಿಟ್ಟರೆ ಏನಾಗುತ್ತದೆಂದು 1998ರಲ್ಲೇ ಬ್ರಿಟನ್ನಿನ ಒಂದು ಅಧ್ಯಯನ ತೋರಿಸಿತು: ಸಕ್ಕರೆ ಕಾಯಿಲೆಯವರಲ್ಲಿ ಪಾರ್ಶ್ವವಾಯು ಶೇ. 44ರಷ್ಟು ಕಡಿಮೆ. ಸಕ್ಕರೆ, ಬಿ.ಪಿ., ಕೊಬ್ಬು ಹತೋಟಿಯಲ್ಲಿರಬೇಕು, ಬೀಡಿ ಬಿಡಬೇಕು, ನಡೆಯಬೇಕು, ಪಾದ ನೋಡಬೇಕು. ನಿಮಗೆ ಗೊತ್ತಿದೆ. ಗೊತ್ತಿದ್ದೂ, ಇವುಗಳಲ್ಲಿ ಯಾವುದನ್ನೂ ಸೂಟ್‌ಕೇಸಿನಲ್ಲಿ ತರಲಾಗದು ಎಂಬ ಕಾರಣಕ್ಕೋ ಏನೋ, ಬಾಟಲಿ ತರುತ್ತೀರಿ.

ನಿಮ್ಮ ಮನೆಯ ಪಾತ್ರೆ ತೊಳೆಯಲು ಬರುವಾಕೆಯನ್ನೂ ನೆನೆಯಿರಿ. ನೀವು ಕೊಟ್ಟ ಡಬ್ಬಿಯನ್ನು ಅಮ್ಮ ಕಪಾಟಿನಲ್ಲಿಡುವುದನ್ನು ಕಂಡು, ಅವಳೂ ಕೂಲಿಯಲ್ಲಿ ಉಳಿಸಿ ‘ತಾಕತ್ತಿನ ಮಾತ್ರೆ’ ಕೊಳ್ಳುತ್ತಾಳೆ. ಆ ತಿಂಗಳು ಅವಳ ಬಿ.ಪಿ. ಮಾತ್ರೆ ಅರ್ಧ ಪಟ್ಟಿಗೇ ನಿಲ್ಲುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದೆಂದು, ಆದರೆ ಅದಕ್ಕೆ ಅವಳು ಅರ್ಧ ದಿನದ ಕೆಲಸ ಬಿಟ್ಟು ಸಾಲಿನಲ್ಲಿ ನಿಲ್ಲಬೇಕೆಂದು ನಿಮಗೆ ಗೊತ್ತಿದೆ. ಆ ಅರ್ಧ ದಿನವನ್ನು ಸಂಬಳ ಕಡಿಯದೆ ಕೊಡಬಲ್ಲವರು ನೀವೇ ಅಲ್ಲವೇ?

ಎಲ್ಲಕ್ಕಿಂತ ಮೂಕವಾದದ್ದು ಅಮ್ಮನ ಆ ಪಾದ. ಸಕ್ಕರೆಯಿಂದ ನರ ಸತ್ತ ಪಾದಕ್ಕೆ ಅಳಲು ಬಾರದು. ಮುಳ್ಳು ಹೊಕ್ಕರೆ ತಿಳಿಯದು, ಬಿಸಿ ನೀರು ಸುಟ್ಟರೆ ತಿಳಿಯದು, ಚಪ್ಪಲಿಯ ಉಂಗುಷ್ಠ ಬೆರಳ ಸಂದಿಯನ್ನು ಕೊರೆದರೂ ತಿಳಿಯದು. ನಾಳ ಮುಚ್ಚಿ ರಕ್ತ ಬಾರದಿರುವಲ್ಲಿ ಆ ಗಾಯ ಮಾಯದು. ಕಾಲುಚೀಲದ ಮೇಲೆ ಕಲೆ ಕಂಡ ದಿನ, ವಾಸನೆ ಬಂದ ದಿನ, ನೀವು ಓಡಿ ಬರುತ್ತೀರಿ, ಅಷ್ಟರಲ್ಲಿ ಗ್ಯಾಂಗ್ರೀನ್ ಎಂಬ ಮಾತು ಬಂದಿರುತ್ತದೆ, ಬೆರಳೋ ಪಾದವೋ ಮೊಣಕಾಲೋ ಎಂಬ ಲೆಕ್ಕ ನಡೆದಿರುತ್ತದೆ. ಅಮ್ಮ ಆಗಲೂ ‘ನೋವೇನೂ ಇಲ್ಲಪ್ಪ’ ಎನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಅವಳಿಗೆ ನಿಜಕ್ಕೂ ನೋವಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ, ಆ ಪಾದಗಳನ್ನೊಮ್ಮೆ ನೋಡಿ. ಇವತ್ತೇ, ಊಟವಾದ ಮೇಲೆ, ಬೆಳಕಿರುವ ಕಡೆ ಅವಳನ್ನು ಕೂರಿಸಿ. ಬೇಡ ಬೇಡ ಎಂದು ಸೆರಗಿನಲ್ಲಿ ಕಾಲು ಮುಚ್ಚಿಕೊಳ್ಳುತ್ತಾಳೆ, ಬಿಡಬೇಡಿ. ಅಂಗಾಲು ನೋಡಿ, ಹಿಮ್ಮಡಿಯ ಬಿರುಕು ನೋಡಿ, ಬೆರಳುಗಳ ಸಂದು ಬಿಡಿಸಿ ನೋಡಿ. ದೂರದಲ್ಲಿದ್ದರೆ ಅಲ್ಲಿರುವವರಿಂದ ನೋಡಿಸಿ. ಗಾಯ ಕಂಡರೆ ನಾಳೆಗೆ ಉಳಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ.